ಅಪಾಯಕಾರಿ ರಾಸಾಯನಿಕ ಅವಘಡ: ಸ್ಥಳಕ್ಕೆ ಮೊದಲು ತಲುಪುವವರ ತರಬೇತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾಸ್ ಟ್ಯಾಂಕರ್ ಪಲ್ಟಿಯಾದರೆ, ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಸೋರಿದರೆ, ಗುಜರಿ ಅಂಗಡಿಯಲ್ಲಿ ಹಳೇ ಸಿಲಿಂಡರ್ ಕತ್ತರಿಸುವಾಗ ಕ್ಲೋರಿನ್ ಹೊರಬಂದರೆ ಅಲ್ಲಿಗೆ ಮೊದಲು ಓಡಿ ಬರುವವರು ವಿಜ್ಞಾನಿಗಳಲ್ಲ. 112 ವಾಹನದ ಪೊಲೀಸರು, 108ರ ಸಿಬ್ಬಂದಿ, ಹತ್ತಿರದ ಠಾಣೆಯ ಅಗ್ನಿಶಾಮಕ ದಳ, ಗೃಹರಕ್ಷಕರು, ಊರಿನ ಯುವಕರು ಬರುತ್ತಾರೆ. ಈ ಪುಟ ಅವರಿಗಾಗಿ. ಕರ್ನಾಟಕದ ಪರಿಸ್ಥಿತಿ, ಅದರಲ್ಲೂ ಕರಾವಳಿ ಮತ್ತು ಘಾಟಿ ರಸ್ತೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇವೆ.

ಈ ತರಬೇತಿ ಅಂದರೆ ನಿಜವಾಗಿ ಏನು ಕಲಿಸುತ್ತಾರೆ?

ಮೊದಲು ಕಲಿಸುವುದು ನಿಲ್ಲುವುದನ್ನು. ಕೇಳಲು ಸುಲಭ, ಆದರೆ ಕಲಿಯಲು ಇದೇ ಅತಿ ಕಷ್ಟ. ಪೊಲೀಸರಿಗೆ, ಅಗ್ನಿಶಾಮಕದವರಿಗೆ, ಆಂಬುಲೆನ್ಸಿನವರಿಗೆ ಕೆಲಸಕ್ಕೆ ಸೇರಿದ ದಿನದಿಂದ ಹೇಳಿಕೊಡುವುದು ‘ಬೇಗ ಹೋಗಿ, ಬೇಗ ಎತ್ತಿ’ ಅಂತ. ರಾಸಾಯನಿಕ ಅವಘಡದಲ್ಲಿ ಆ ಅಭ್ಯಾಸವೇ ಜೀವ ತೆಗೆಯುತ್ತದೆ. ಹಾಗಾಗಿ ದೂರದಲ್ಲೇ ಗಾಡಿ ನಿಲ್ಲಿಸುವುದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡುವುದು, ವಸ್ತು ಯಾವುದು ಅಂತ ಗುರುತಿಸುವುದು, ಜನರನ್ನು ತಡೆಯುವುದು, ಸರಿಯಾದವರಿಗೆ ಸರಿಯಾದ ಮಾಹಿತಿ ಕೊಡುವುದು, ಈ ಐದು ಕೆಲಸ ಕೈಗೆ ಕೂರುವವರೆಗೆ ಅಭ್ಯಾಸ ಮಾಡಿಸುತ್ತಾರೆ. ವಾಲ್ವ್ ಮುಚ್ಚುವುದು, ಸೋರಿಕೆ ತಡೆಯುವುದು ಎಲ್ಲ ಆಮೇಲಿನ ಪಾಠ. ಅದು ಎಲ್ಲರಿಗೂ ಬೇಕಾಗಿಯೂ ಇಲ್ಲ.

ಯಾರಿಗೆ ಎಷ್ಟು ತರಬೇತಿ ಬೇಕು?

ಜಗತ್ತಿನ ಬಹಳ ಕಡೆ ಅನುಸರಿಸುವ ಹಂತಗಳಿವೆ. ಮೊದಲನೆಯದು ಅರಿವಿನ ಹಂತ. ಗುರುತಿಸು, ದೂರ ಇರು, ಜನರನ್ನು ತಡೆ, ತಿಳಿಸು, ಅಷ್ಟೇ. ಪೊಲೀಸ್ ಕಾನ್‌ಸ್ಟೇಬಲ್, ಟೋಲ್ ಗೇಟ್ ಸಿಬ್ಬಂದಿ, ಪಂಚಾಯಿತಿಯವರಿಗೆ ಇದು ಸಾಕು. ಎರಡನೆಯದು ಕಾರ್ಯಾಚರಣೆ ಹಂತ. ಇವರು ಸೋರಿಕೆಯನ್ನು ಮುಟ್ಟುವುದಿಲ್ಲ, ದೂರದಿಂದಲೇ ಅದು ಹರಡದಂತೆ ನೋಡಿಕೊಳ್ಳುತ್ತಾರೆ. ಚರಂಡಿಗೆ ಮಣ್ಣಿನ ಒಡ್ಡು ಹಾಕುವುದು, ನೀರಿನ ತುಂತುರಿನಿಂದ ಆವಿಯನ್ನು ಚದುರಿಸುವುದು ಇವರ ಕೆಲಸ. ಮೂರನೆಯದು ತಂತ್ರಜ್ಞರ ಹಂತ. ರಕ್ಷಣಾ ಉಡುಪು ಹಾಕಿಕೊಂಡು ಒಳಗೆ ಹೋಗಿ ಸೋರಿಕೆ ನಿಲ್ಲಿಸುವವರು ಇವರು. ಇದರ ಮೇಲೆ ತಜ್ಞರು ಮತ್ತು ಸ್ಥಳದ ಕಮಾಂಡರ್ ಇರುತ್ತಾರೆ.

ಅಮೆರಿಕದ ನಿಯಮದ ಪ್ರಕಾರ ಕಾರ್ಯಾಚರಣೆ ಹಂತಕ್ಕೆ ಕನಿಷ್ಠ 8 ಗಂಟೆ, ತಂತ್ರಜ್ಞರಿಗೆ ಕನಿಷ್ಠ 24 ಗಂಟೆ ತರಬೇತಿ ಬೇಕು. ಪ್ರತಿ ವರ್ಷ ಮತ್ತೆ ತಾಲೀಮು ಆಗಬೇಕು. ನಮ್ಮ ಅಭಿಪ್ರಾಯದಲ್ಲಿ 24 ಗಂಟೆ ಅನ್ನುವುದು ಶುರು ಮಾತ್ರ. ಉಡುಪು ಹಾಕಿ ಬಿಚ್ಚುವುದೇ ಸಲೀಸಾಗಲು ಅದಕ್ಕಿಂತ ಜಾಸ್ತಿ ಸಮಯ ಬೇಕು.

ನಮ್ಮ ಊರಲ್ಲಿ ಕಾರ್ಖಾನೆಯೇ ಇಲ್ಲ. ನಮಗೆ ಯಾಕೆ?

ರಸ್ತೆ ಇದೆ ಅಲ್ವಾ? ಮಂಗಳೂರಿನಿಂದ ಎಲ್‌ಪಿಜಿ ತುಂಬಿದ ಬುಲೆಟ್ ಟ್ಯಾಂಕರ್‌ಗಳು ಶಿರಾಡಿ ಘಾಟಿ ಹತ್ತಿ ಒಳನಾಡಿಗೆ ಹೋಗುತ್ತವೆ. ಒಂದೊಂದರಲ್ಲಿ ಸುಮಾರು 17–18 ಟನ್ ಅನಿಲ ಇರುತ್ತದೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಇಂಥದ್ದೇ ಟ್ಯಾಂಕರ್ ಪಲ್ಟಿಯಾಗಿ ಬೆಂಕಿ ಹತ್ತಿತು. ರಸ್ತೆ ಪಕ್ಕದ ಮನೆಗಳಲ್ಲಿದ್ದವರೂ ಸತ್ತರು. ಅದಕ್ಕೂ ಹಿಂದಿನ ವರ್ಷ, 2012ರ ಆಗಸ್ಟ್ 27ರ ರಾತ್ರಿ, ಕೇರಳದ ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ಡಿವೈಡರ್‌ಗೆ ಬಡಿದು 20 ಜನ ಹೋದರು. 2024ರ ಡಿಸೆಂಬರ್ 20ರಂದು ಜೈಪುರದ ಹತ್ತಿರ ಭಾಂಕ್ರೋಟಾದಲ್ಲಿ ಯು-ಟರ್ನ್ ತೆಗೆದುಕೊಳ್ಳುತ್ತಿದ್ದ ಟ್ಯಾಂಕರ್‌ಗೆ ಲಾರಿ ಗುದ್ದಿ, ಹಿಂದೆ ಮುಂದೆ ನಿಂತಿದ್ದ ಬಸ್ಸು ಲಾರಿಗಳೆಲ್ಲ ಬೆಂಕಿಯಲ್ಲಿ ಸಿಕ್ಕಿಕೊಂಡವು. ಈ ಮೂರೂ ನಡೆದದ್ದು ರಸ್ತೆಯಲ್ಲಿ, ಕಾರ್ಖಾನೆಯ ಒಳಗಲ್ಲ.

ಇನ್ನೂ ಹತ್ತಿರ ನೋಡಿ. ಕುಡಿಯುವ ನೀರಿನ ಘಟಕದಲ್ಲಿ ಕ್ಲೋರಿನ್ ಇದೆ. ಮೀನುಗಾರಿಕೆ ಬಂದರಿನ ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಇದೆ. ಸೊಸೈಟಿಯ ಗೋದಾಮಿನಲ್ಲಿ ಕೀಟನಾಶಕ ಇದೆ. ಪ್ರತಿ ಊರಲ್ಲೂ ಸೆಪ್ಟಿಕ್ ಟ್ಯಾಂಕ್ ಇದೆ.

ಸ್ಥಳಕ್ಕೆ ತಲುಪಿದ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು?

ತಲುಪುವ ಮೊದಲೇ ಶುರು ಮಾಡಿ. ಕರೆ ಮಾಡಿದವರನ್ನು ದಾರಿಯಲ್ಲೇ ಕೇಳಿ: ಹೊಗೆ ಇದೆಯಾ, ಯಾವ ಬಣ್ಣ, ವಾಸನೆ ಹೇಗಿದೆ, ಜನ ಕುಸಿದು ಬಿದ್ದಿದ್ದಾರಾ, ಹಕ್ಕಿಗಳೋ ದನಗಳೋ ಸತ್ತು ಬಿದ್ದಿವೆಯಾ? ಕಾರಣ ಗೊತ್ತಿಲ್ಲದೆ ಒಬ್ಬರಿಗಿಂತ ಹೆಚ್ಚು ಜನ ಒಂದೇ ಕಡೆ ಬಿದ್ದಿದ್ದಾರೆ ಅಂದರೆ ಗಾಳಿಯಲ್ಲಿ ಏನೋ ಇದೆ ಅಂತಲೇ ತಿಳಿಯಿರಿ.

ಗಾಳಿ ನಿಮ್ಮ ಬೆನ್ನಿಗೆ ಬೀಸುವ ದಿಕ್ಕಿನಿಂದ ಹೋಗಿ. ಸ್ವಲ್ಪ ಎತ್ತರದ ಜಾಗ ಸಿಕ್ಕರೆ ಒಳ್ಳೆಯದು. ಕರಾವಳಿಯವರಿಗೆ ಒಂದು ಮಾತು. ಹಗಲು ಹೊತ್ತು ಸಾಮಾನ್ಯವಾಗಿ ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತದೆ, ರಾತ್ರಿ ನೆಲದಿಂದ ಕಡಲಿಗೆ. ಮಧ್ಯಾಹ್ನ ಶುರುವಾದ ಕಾರ್ಯಾಚರಣೆ ಸಂಜೆ ದಾಟಿದರೆ ನೀವು ನಿಂತಿದ್ದ ಸುರಕ್ಷಿತ ಜಾಗವೇ ಅಪಾಯದ ಜಾಗವಾಗಬಹುದು. ಹಾಗಾಗಿ ಗಾಳಿಯನ್ನು ಒಮ್ಮೆ ನೋಡಿ ಬಿಡುವಂತಿಲ್ಲ. ಒಬ್ಬರಿಗೆ ಅದನ್ನೇ ನೋಡುತ್ತಿರುವ ಕೆಲಸ ಕೊಡಿ. ಒಂದು ಕೋಲಿಗೆ ಬಟ್ಟೆಯ ಪಟ್ಟಿ ಕಟ್ಟಿ ನೆಟ್ಟರೂ ಸಾಕು.

ಗಾಡಿಯನ್ನು ದೂರದಲ್ಲಿ, ವಾಪಸ್ ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಎಷ್ಟು ದೂರ ಅಂತ ಗೊತ್ತಾಗದಿದ್ದರೆ ಕೈ ಉದ್ದಕ್ಕೆ ಚಾಚಿ ಹೆಬ್ಬೆರಳು ಎತ್ತಿ. ಹೆಬ್ಬೆರಳ ಹಿಂದೆ ಇಡೀ ಘಟನಾ ಸ್ಥಳ ಮರೆಯಾಗದಿದ್ದರೆ ನೀವು ಇನ್ನೂ ಹತ್ತಿರ ಇದ್ದೀರಿ. ಇದು ಅಂದಾಜು ಮಾತ್ರ, ಆದರೆ ಆ ಗಡಿಬಿಡಿಯಲ್ಲಿ ನೆನಪಿಗೆ ಬರುವುದು ಇಂಥದ್ದೇ.

ಆಮೇಲೆ ಬೈನಾಕ್ಯುಲರ್ ತೆಗೆದು ಟ್ಯಾಂಕರಿನ ಫಲಕ ಓದಿ. ಬೈನಾಕ್ಯುಲರ್ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದ ಜೂಮ್ ಕೂಡ ಆಗುತ್ತದೆ, ದೂರದಿಂದ ಮಾತ್ರ. ಹತ್ತಿರ ಹೋಗಿ ಫೋಟೊ ತೆಗೆಯಬೇಡಿ.

ಟ್ಯಾಂಕರ್ ಮೇಲಿನ ಆ ಫಲಕವನ್ನು ಓದುವುದು ಹೇಗೆ?

ತರಬೇತಿಯಲ್ಲಿ ಇದಕ್ಕೆ ಅರ್ಧ ದಿನವಾದರೂ ಕೊಡಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಅಪಾಯಕಾರಿ ಸರಕು ಸಾಗಿಸುವ ವಾಹನದ ಮೇಲೆ ತುರ್ತು ಮಾಹಿತಿ ಫಲಕ ಇರಲೇಬೇಕು. ಅದರಲ್ಲಿ ವಸ್ತುವಿನ ಹೆಸರು, ನಾಲ್ಕು ಅಂಕಿಯ ಯುಎನ್ ಸಂಖ್ಯೆ (ಆ ವಸ್ತುವಿಗೆ ಜಗತ್ತಿನಾದ್ಯಂತ ಇರುವ ಗುರುತಿನ ಸಂಖ್ಯೆ), ವಜ್ರಾಕಾರದ ಅಪಾಯ ಚಿಹ್ನೆ, ತುರ್ತು ಫೋನ್ ನಂಬರ್, ಜೊತೆಗೆ ಹ್ಯಾಜ್‌ಕೆಮ್ ಕೋಡ್ ಇರುತ್ತವೆ.

ಯುಎನ್ ಸಂಖ್ಯೆಗಳಲ್ಲಿ ಕೆಲವನ್ನು ಬಾಯಿಪಾಠ ಮಾಡಿಬಿಡಿ. ಎಲ್‌ಪಿಜಿ 1075, ಪೆಟ್ರೋಲ್ 1203, ಡೀಸೆಲ್ 1202, ಅಮೋನಿಯಾ 1005, ಕ್ಲೋರಿನ್ 1017, ಸಲ್ಫ್ಯೂರಿಕ್ ಆಸಿಡ್ 1830, ಹೈಡ್ರೋಕ್ಲೋರಿಕ್ ಆಸಿಡ್ 1789. ನಮ್ಮ ಹೆದ್ದಾರಿಗಳಲ್ಲಿ ಕಾಣುವ ಬಹುಪಾಲು ಟ್ಯಾಂಕರ್‌ಗಳು ಇಷ್ಟರಲ್ಲೇ ಬರುತ್ತವೆ.

ಹ್ಯಾಜ್‌ಕೆಮ್ ಕೋಡಿನಲ್ಲಿ ಮೊದಲು ಒಂದು ಅಂಕಿ, ಆಮೇಲೆ ಒಂದೋ ಎರಡೋ ಅಕ್ಷರ. ಅಂಕಿ ಏನು ಸುರಿಯಬೇಕು ಅಂತ ಹೇಳುತ್ತದೆ: 1 ದಪ್ಪ ಹನಿಯ ನೀರು, 2 ಸಣ್ಣ ತುಂತುರು, 3 ನೊರೆ, 4 ಅಂದರೆ ನೀರು ಬೇಡ, ಒಣ ಪುಡಿ. ಅಕ್ಷರ ಪಿ, ಆರ್, ಎಸ್, ಟಿ ಆದರೆ ನೀರು ಸೇರಿಸಿ ತೆಳುವಾಗಿಸಬಹುದು. ಡಬ್ಲ್ಯು, ಎಕ್ಸ್, ವೈ, ಝಡ್ ಆದರೆ ಚರಂಡಿಗೆ ಹೋಗದಂತೆ ತಡೆದಿಡಬೇಕು. ಪಿ, ಆರ್, ಡಬ್ಲ್ಯು, ಎಕ್ಸ್‌ಗೆ ಮೈಪೂರ್ತಿ ಮುಚ್ಚುವ ರಾಸಾಯನಿಕ ಉಡುಪು ಬೇಕು. ಉಳಿದವಕ್ಕೆ ಬಿಎ ಸೆಟ್ (ಬೆನ್ನಿಗೆ ಹೊತ್ತ ಸಿಲಿಂಡರಿನಿಂದ ಉಸಿರಾಡಲು ಗಾಳಿ ಕೊಡುವ ಸಾಧನ) ಮತ್ತು ಬೆಂಕಿಯ ಉಡುಪು. ಪಿ, ಎಸ್, ಡಬ್ಲ್ಯು, ವೈ ಇದ್ದರೆ ವಸ್ತು ಜೋರಾಗಿ ಪ್ರತಿಕ್ರಿಯಿಸಬಹುದು, ಸಿಡಿಯಬಹುದು. ಕೊನೆಯಲ್ಲಿ ಇ ಇದ್ದರೆ ಜನರನ್ನು ತೆರವು ಮಾಡುವ ಬಗ್ಗೆ ಕೂಡಲೇ ಯೋಚಿಸಿ.

ಪೆಟ್ರೋಲ್ ಟ್ಯಾಂಕರ್ ಮೇಲೆ ‘3 ವೈ ಇ’ ಅಂತ ಇರುತ್ತದೆ. ನೊರೆ ಹಾಕಿ, ಸಿಡಿಯಬಹುದು, ಬಿಎ ಸೆಟ್ ಹಾಕಿ, ಚರಂಡಿಗೆ ಬಿಡಬೇಡಿ, ಜನರನ್ನು ತೆರವು ಮಾಡಿ. ಮೂರೇ ಗುರುತಿನಲ್ಲಿ ಇಷ್ಟೆಲ್ಲ ಇದೆ.

ಫಲಕಕ್ಕೆ ಕೆಸರು ಮೆತ್ತಿರಬಹುದು, ಬಣ್ಣ ಹೋಗಿರಬಹುದು, ಹಳೇ ಸರಕಿನ ಫಲಕವೇ ಉಳಿದಿರಬಹುದು. ಆಗ ಚಾಲಕನನ್ನು ಹುಡುಕಿ. ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಇರಬೇಕು, ಆ ಸರಕಿಗೆ ಏನು ಮಾಡಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಎಲ್‌ಪಿಜಿ ಟ್ಯಾಂಕರ್ ಓಡಿಸುವವರಲ್ಲಿ ತಮಿಳುನಾಡಿನ ನಾಮಕ್ಕಲ್ ಕಡೆಯವರು ಜಾಸ್ತಿ. ನಿಮ್ಮ ಠಾಣೆಯಲ್ಲಿ ತಮಿಳು ಬಲ್ಲವರು ಒಬ್ಬರಿದ್ದರೆ ಅವರ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ. ಹೆದರಿದ ಮನುಷ್ಯ ತನ್ನ ಮಾತೃಭಾಷೆಯಲ್ಲೇ ಸರಿಯಾಗಿ ಮಾತಾಡುವುದು.

ಹೆಸರು ಗೊತ್ತಾದ ಮೇಲೆ ದೂರ ಎಷ್ಟು ಅಂತ ಎಲ್ಲಿ ನೋಡುವುದು?

ಅಮೆರಿಕ, ಕೆನಡಾ, ಮೆಕ್ಸಿಕೊ ದೇಶಗಳ ಸಾರಿಗೆ ಇಲಾಖೆಗಳು ಸೇರಿ ಹೊರತರುವ ತುರ್ತು ಸ್ಪಂದನಾ ಕೈಪಿಡಿ ಇದಕ್ಕೆ ಬಹಳ ಉಪಯೋಗ. ನಾಲ್ಕು ವರ್ಷಕ್ಕೊಮ್ಮೆ ಹೊಸದಾಗುತ್ತದೆ, 2024ರಲ್ಲಿ ಬಂದಿದೆ. ಮೊಬೈಲ್ ಆ್ಯಪ್ ಕೂಡ ಉಚಿತ. ಹಳದಿ ಪುಟಗಳಲ್ಲಿ ಸಂಖ್ಯೆಯಿಂದ, ನೀಲಿ ಪುಟಗಳಲ್ಲಿ ಹೆಸರಿನಿಂದ ಹುಡುಕಿ, ಕಿತ್ತಳೆ ಪುಟದಲ್ಲಿ ಏನು ಮಾಡಬೇಕು ಓದಿ, ವಿಷಾನಿಲಗಳ ದೂರಕ್ಕೆ ಹಸಿರು ಪುಟ ನೋಡಿ.

ಎಲ್‌ಪಿಜಿಗೆ ಅದರಲ್ಲಿ ಹೇಳಿರುವುದು ಹೀಗೆ: ಸೋರಿಕೆ ಇದ್ದರೆ ಎಲ್ಲ ದಿಕ್ಕಿಗೂ ಕನಿಷ್ಠ 100 ಮೀಟರ್ ಖಾಲಿ ಮಾಡಿ. ದೊಡ್ಡ ಸೋರಿಕೆಯಾದರೆ ಗಾಳಿ ಹೋಗುವ ಕಡೆ 800 ಮೀಟರ್. ಟ್ಯಾಂಕರ್ ಬೆಂಕಿಯಲ್ಲಿ ಸಿಕ್ಕಿದ್ದರೆ ಎಲ್ಲ ದಿಕ್ಕಿಗೂ 1600 ಮೀಟರ್. ಒಂದೂವರೆ ಕಿಲೋಮೀಟರಿಗೂ ಹೆಚ್ಚು! ನಮ್ಮಲ್ಲಿ ಸೇರುವ ಜನ ಎಷ್ಟು ದೂರದಲ್ಲಿ ನಿಂತಿರುತ್ತಾರೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಎಲ್‌ಪಿಜಿ ಟ್ಯಾಂಕರ್‌ಗೆ ಬೆಂಕಿ ಹತ್ತಿದ್ದರೆ ತಕ್ಷಣ ಆರಿಸಬೇಕಲ್ವಾ?

ಬೇಡ. ಹೊಸಬರಿಗೆ ಈ ಉತ್ತರ ಒಪ್ಪಿಸುವುದೇ ಕಷ್ಟ. ಸೋರುತ್ತಿರುವ ಅನಿಲ ಉರಿಯುತ್ತಿದೆ ಅಂದರೆ ಅದು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತಿದೆ. ಸೋರಿಕೆ ನಿಲ್ಲಿಸದೆ ಬೆಂಕಿ ಮಾತ್ರ ಆರಿಸಿದರೆ ಅನಿಲ ಕಾಣದ ಹಾಗೆ ಹರಡುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ತೋಡು, ಚರಂಡಿ, ತಗ್ಗಿನಲ್ಲಿರುವ ಮನೆ, ಎಲ್ಲ ಕಡೆ ಇಳಿದು ನಿಲ್ಲುತ್ತದೆ. ಒಂದು ಲೀಟರ್ ದ್ರವದಿಂದ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಶೇಕಡಾ ಎರಡರಷ್ಟು ಸೇರಿದರೆ ಸಾಕು, ಎಲ್ಲೋ ಒಬ್ಬರು ಸ್ಕೂಟರ್ ಸ್ಟಾರ್ಟ್ ಮಾಡಿದರೂ, ಒಲೆ ಹಚ್ಚಿದರೂ ಹೊತ್ತಿಕೊಳ್ಳುತ್ತದೆ.

ಮಾಡಬೇಕಾದ್ದು ಟ್ಯಾಂಕನ್ನು ತಣ್ಣಗಿಡುವುದು. ದೂರದಿಂದ, ಸಾಧ್ಯವಾದರೆ ಜನ ಹಿಡಿದು ನಿಲ್ಲಬೇಕಿಲ್ಲದ ಮಾನಿಟರ್ (ನೆಲದ ಮೇಲೆ ಕೂರಿಸುವ ನೀರಿನ ಫಿರಂಗಿ) ಇಟ್ಟು, ಟ್ಯಾಂಕಿನ ಮೇಲ್ಭಾಗಕ್ಕೆ ಧಾರಾಳ ನೀರು ಹೊಡೆಯುತ್ತಲೇ ಇರಬೇಕು. ಯಾಕೆ ಮೇಲ್ಭಾಗಕ್ಕೆ? ಕೆಳಗೆ ದ್ರವ ಇರುವ ಕಡೆ ಲೋಹದ ಬಿಸಿಯನ್ನು ದ್ರವ ಹೀರಿಕೊಳ್ಳುತ್ತದೆ. ಮೇಲೆ ಬರೀ ಆವಿ ಇರುವ ಕಡೆ ತಗಡು ಕಾದು ಮೆತ್ತಗಾಗುತ್ತದೆ. ಒಳಗೆ ಒತ್ತಡ ಏರುತ್ತದೆ, ಹೊರಗೆ ಲೋಹ ಸೋಲುತ್ತದೆ, ಒಂದು ಕ್ಷಣದಲ್ಲಿ ಟ್ಯಾಂಕ್ ಸೀಳಿ ಇಡೀ ದ್ರವ ಆವಿಯಾಗಿ ಬೆಂಕಿಯ ಉಂಡೆಯಾಗುತ್ತದೆ. ಇದಕ್ಕೆ ಬ್ಲೆವಿ ಅನ್ನುತ್ತಾರೆ. 1973ರ ಜುಲೈ 5ರಂದು ಅಮೆರಿಕದ ಅರಿಜೋನಾದ ಕಿಂಗ್‌ಮನ್‌ನಲ್ಲಿ ಪ್ರೊಪೇನ್ ತುಂಬಿದ ರೈಲ್ವೆ ಟ್ಯಾಂಕ್ ಹೀಗೇ ಸಿಡಿದು 11 ಅಗ್ನಿಶಾಮಕ ಸಿಬ್ಬಂದಿ ಸತ್ತರು.

ಸುರಕ್ಷತಾ ವಾಲ್ವಿನ ಶಬ್ದ ಏರುತ್ತಾ ಹೋದರೆ, ಟ್ಯಾಂಕಿನ ಬಣ್ಣ ಬದಲಾದರೆ, ಅಥವಾ ಸಾಕಷ್ಟು ನೀರು ಇಲ್ಲದಿದ್ದರೆ ಒಂದೇ ನಿರ್ಧಾರ: ಎಲ್ಲರೂ ಹಿಂದೆ. ಸಲಕರಣೆ ಅಲ್ಲೇ ಬಿಟ್ಟು ಬನ್ನಿ. ಹಿಂದೆ ಸರಿಯಿರಿ ಅಂತ ಆಜ್ಞೆ ಕೊಟ್ಟ ಅಧಿಕಾರಿಯನ್ನು ಯಾರೂ ಹೇಡಿ ಅನ್ನಬಾರದು. ಇಲಾಖೆಗಳು ಇದನ್ನು ಬಾಯಿಬಿಟ್ಟು ಹೇಳಬೇಕು ಅಂತ ನಾವು ಬಲವಾಗಿ ನಂಬುತ್ತೇವೆ. ಹೇಳದಿದ್ದರೆ ಕಿರಿಯ ಅಧಿಕಾರಿಗೆ ಆ ಧೈರ್ಯ ಬರುವುದಿಲ್ಲ.

ಅಮೋನಿಯಾ ಮತ್ತು ಕ್ಲೋರಿನ್‌ಗೂ ಇದೇ ಕ್ರಮವೇ?

ಅಲ್ಲ. ಇವೆರಡರ ನಡುವೆಯೇ ಬಹಳ ವ್ಯತ್ಯಾಸ ಇದೆ.

ಅಮೋನಿಯಾ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಆವಿಯ ಮೋಡಕ್ಕೆ ಸಣ್ಣ ತುಂತುರು ಹೊಡೆದರೆ ಬಹಳಷ್ಟು ಇಳಿದುಬಿಡುತ್ತದೆ. ಆದರೆ ನೆಲದ ಮೇಲೆ ದ್ರವ ಅಮೋನಿಯಾ ನಿಂತಿದ್ದರೆ ಅದಕ್ಕೆ ನೀರು ಹೊಡೆಯಬೇಡಿ, ಇನ್ನೂ ಜೋರಾಗಿ ಕುದಿದು ಆವಿಯಾಗುತ್ತದೆ. ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ ಅಂತ ಪುಸ್ತಕದಲ್ಲಿ ಓದಿರುತ್ತೀರಿ. ದೊಡ್ಡ ಸೋರಿಕೆಯಲ್ಲಿ ತಣ್ಣಗಿನ ಆವಿ ತೇವದ ಜೊತೆ ಸೇರಿ ಬಿಳಿ ಮಂಜಾಗಿ ನೆಲ ಹಿಡಿದೇ ಸಾಗುತ್ತದೆ. ಮಲ್ಪೆ, ಮಂಗಳೂರಿನಂಥ ತೇವದ ಹವೆಯಲ್ಲಿ ಇದನ್ನು ಮರೆಯುವಂತಿಲ್ಲ. ಮೈ ಬೆವರಿದ್ದ ಕಡೆ, ಕಂಕುಳು, ತೊಡೆ ಸಂದಿಯಲ್ಲಿ ಮೊದಲು ಉರಿ ಶುರುವಾಗುತ್ತದೆ.

ಕ್ಲೋರಿನ್ ಹಸಿರು ಮಿಶ್ರಿತ ಹಳದಿ, ಗಾಳಿಗಿಂತ ಭಾರ. ಜನರನ್ನು ಎತ್ತರದ ಕಡೆಗೆ, ಗಾಳಿಗೆ ಅಡ್ಡವಾಗಿ ಕಳಿಸಬೇಕು. ಸೋರುತ್ತಿರುವ ಕ್ಲೋರಿನ್ ಸಿಲಿಂಡರಿಗೆ ನೇರ ನೀರು ಹೊಡೆದರೆ ಆಸಿಡ್ ಆಗಿ ತೂತು ಇನ್ನೂ ದೊಡ್ಡದಾಗುತ್ತದೆ. ನೀರಿನ ಘಟಕಗಳಲ್ಲಿ ಇರುವ ಟನ್ನರ್, ಅಂದರೆ ಸುಮಾರು 900 ಕೆಜಿ ಹಿಡಿಸುವ ಅಡ್ಡ ಸಿಲಿಂಡರ್, ಸೋರಿದರೆ ತರಬೇತಿ ಪಡೆದವರು ಮೊದಲು ಮಾಡುವುದು ಅದನ್ನು ಉರುಳಿಸಿ ಸೋರುವ ಭಾಗವನ್ನು ಮೇಲಕ್ಕೆ ತರುವುದು. ಹಾಗೆ ಮಾಡಿದರೆ ದ್ರವದ ಬದಲು ಅನಿಲ ಹೊರಬರುತ್ತದೆ. ಒಂದು ಪಾಲು ದ್ರವ ಕ್ಲೋರಿನ್ ಸುಮಾರು 460 ಪಾಲು ಅನಿಲವಾಗುತ್ತದೆ, ಹಾಗಾಗಿ ಈ ಒಂದು ಉರುಳಿಸುವಿಕೆಯಿಂದ ಸೋರಿಕೆ ಎಷ್ಟೋ ಪಟ್ಟು ಇಳಿಯುತ್ತದೆ. ಆಮೇಲೆ ಕ್ಲೋರಿನ್ ಕಿಟ್, ಅಂದರೆ ಸೋರುವ ಜಾಗಕ್ಕೆ ಬಿಗಿಯುವ ಸಲಕರಣೆ, ಹಾಕಿ ಮುಚ್ಚಬೇಕು. ಕಿಟ್ ಇದೆ ಅಂತ ರಿಜಿಸ್ಟರಿನಲ್ಲಿ ಬರೆದರೆ ಆಗಲಿಲ್ಲ. ಖಾಲಿ ಟನ್ನರ್ ಮೇಲೆ, ಬಿಎ ಸೆಟ್ ಹಾಕಿಕೊಂಡು, ಕೈಗವಸು ಹಾಕಿಕೊಂಡು ಕೂರಿಸಿ ನೋಡಬೇಕು.

ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲ್ ಇದರಲ್ಲಿ ಯಾಕೆ ಬರುತ್ತದೆ?

ಯಾಕೆಂದರೆ ಅಲ್ಲಿಯೂ ಕೊಲ್ಲುವುದು ಅನಿಲವೇ. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ. ಆದರೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಹತ್ತಿರ ಬಂದರೆ ಮೂಗಿನ ಶಕ್ತಿಯೇ ಹೋಗುತ್ತದೆ, ವಾಸನೆ ನಿಂತಿತು ಅಂತ ಮನುಷ್ಯ ಇನ್ನೂ ಕೆಳಗೆ ಇಳಿಯುತ್ತಾನೆ. ಒಬ್ಬ ಬಿದ್ದ, ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನನ್ನು ಎತ್ತಲು ಮತ್ತೊಬ್ಬ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಹತ್ತಿರದ ಮೀನು ಸಂಸ್ಕರಣಾ ಘಟಕವೊಂದರ ತೊಟ್ಟಿಯಲ್ಲಿ ಹೀಗೇ ಐವರು ಕಾರ್ಮಿಕರು ಸತ್ತರು. ದೂರದಿಂದ ದುಡಿಯಲು ಬಂದಿದ್ದ ಹುಡುಗರು. ಒಬ್ಬನನ್ನು ಉಳಿಸಲು ಇಳಿದೇ ಮಿಕ್ಕವರೂ ಸತ್ತದ್ದು.

ತರಬೇತಿಯಲ್ಲಿ ನಿಯಮ ಖಡಾಖಂಡಿತ. ಗ್ಯಾಸ್ ಡಿಟೆಕ್ಟರ್ ಇಳಿಸಿ ನೋಡದೆ, ಬಿಎ ಸೆಟ್ ಇಲ್ಲದೆ, ಹಗ್ಗ ಮತ್ತು ಟ್ರೈಪಾಡ್ ಇಲ್ಲದೆ ಯಾರೂ ಇಳಿಯಬಾರದು. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಬರೀ ಫಿಲ್ಟರ್ ಮಾಸ್ಕ್ ಏನೂ ಪ್ರಯೋಜನ ಇಲ್ಲ, ಅದು ಗಾಳಿ ಸೋಸುತ್ತದೆಯೇ ಹೊರತು ಆಮ್ಲಜನಕ ಕೊಡುವುದಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಇಳಿಯುವುದನ್ನು ಕಂಡರೆ ಕೈ ಹಿಡಿದು ತಡೆಯಿರಿ.

ಬಿಎ ಸೆಟ್ ಎಷ್ಟು ಹೊತ್ತು ಬರುತ್ತದೆ?

ಆರು ಲೀಟರ್ ಸಿಲಿಂಡರಿಗೆ 300 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 1800 ಲೀಟರ್ ಗಾಳಿ. ಲೆಕ್ಕಕ್ಕೆ 45 ನಿಮಿಷ. ಹೆದರಿಕೆ, ಓಟ, ಭಾರ ಎಲ್ಲ ಸೇರಿದರೆ ಅರ್ಧ ಗಂಟೆಯೂ ಬರದಿರಬಹುದು. ಗಾಳಿ ಮುಗಿಯುತ್ತಿದೆ ಅಂತ ಸೆಟ್ ಸೀಟಿ ಹೊಡೆಯುವುದು ಸುಮಾರು 55 ಬಾರ್‌ಗೆ. ಸೀಟಿ ಕೇಳಿದ ಮೇಲೆ ಹೊರಡುವುದಲ್ಲ, ಸೀಟಿ ಹೊಡೆಯುವಾಗ ನೀವು ಹೊರಗೆ ಇರಬೇಕು.

ಗಡ್ಡ ಇದ್ದರೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಎರಡು ದಿನದ ಗಡ್ಡವೂ ಸೀಲ್ ಹಾಳು ಮಾಡುತ್ತದೆ. ಸಾಮಾನ್ಯ ಕನ್ನಡಕದ ಕಡ್ಡಿಯೂ ಅಷ್ಟೇ. ಕನ್ನಡಕದವರಿಗೆ ಮಾಸ್ಕ್ ಒಳಗೆ ಕೂರಿಸುವ ಚೌಕಟ್ಟು ಸಿಗುತ್ತದೆ, ಇಲಾಖೆಯನ್ನು ಕೇಳಿ ಪಡೆಯಿರಿ.

ಪೂರ್ತಿ ಮುಚ್ಚುವ ಉಡುಪು ಹಾಕಿಕೊಂಡರೆ ಪೂರಾ ಸುರಕ್ಷಿತ ಅಲ್ವಾ?

ರಾಸಾಯನಿಕದಿಂದ ಬಹುಮಟ್ಟಿಗೆ ಹೌದು, ಸೆಕೆಯಿಂದ ಅಲ್ಲ. ಆ ಉಡುಪಿನೊಳಗೆ ಬೆವರು ಆರುವುದಿಲ್ಲ. ಮೇ ತಿಂಗಳ ಮಂಗಳೂರಿನಲ್ಲೋ ರಾಯಚೂರಿನಲ್ಲೋ ಇಪ್ಪತ್ತು ನಿಮಿಷ ಕೆಲಸ ಮಾಡಿಸುವುದೇ ಹೆಚ್ಚು. ಒಳಗೆ ಹೋಗುವ ಮೊದಲು ಮತ್ತು ಬಂದ ಮೇಲೆ ನಾಡಿ, ಬಿಪಿ ನೋಡಬೇಕು. ಯಾವಾಗಲೂ ಇಬ್ಬರು ಒಳಗೆ, ಅದೇ ಉಡುಪು ಹಾಕಿಕೊಂಡು ತಯಾರಾಗಿ ಇಬ್ಬರು ಹೊರಗೆ. ಈ ಉಡುಪು ಬೆಂಕಿಗೆ ಆಗುವುದಿಲ್ಲ ಅನ್ನುವುದೂ ನೆನಪಿರಲಿ. ಹೊತ್ತಿಕೊಳ್ಳುವ ಅನಿಲದ ಮಧ್ಯೆ ಇದನ್ನು ಹಾಕಿಕೊಂಡು ಹೋಗುವುದು ದೊಡ್ಡ ತಪ್ಪು.

ನಾವು 108ರಲ್ಲಿ ಕೆಲಸ ಮಾಡುತ್ತೇವೆ. ಗಾಯಾಳುವನ್ನು ಎತ್ತಿಕೊಂಡು ಹೊರಡುವುದಷ್ಟೇ ತಾನೆ ನಮ್ಮ ಕೆಲಸ?

ತೊಳೆಯದೆ ಹತ್ತಿಸಬೇಡಿ. ಘಟನಾ ಸ್ಥಳವನ್ನು ಮೂರು ವಲಯ ಮಾಡುತ್ತಾರೆ. ಬಿಸಿ ವಲಯ ಅಪಾಯದ ಜಾಗ, ಮಧ್ಯದ್ದು ತೊಳೆಯುವ ಜಾಗ, ತಣ್ಣನೆ ವಲಯ ಸುರಕ್ಷಿತ. ಆಂಬುಲೆನ್ಸ್ ಇರಬೇಕಾದ್ದು ತಣ್ಣನೆ ವಲಯದಲ್ಲಿ. ಗಾಯಾಳು ಅಲ್ಲಿಗೆ ಬರುವಷ್ಟರಲ್ಲಿ ಬಟ್ಟೆ ಬಿಚ್ಚಿ, ನೀರು ಸುರಿದು ತೊಳೆದಿರಬೇಕು. ಬಟ್ಟೆ ತೆಗೆದರೆ ಮೈಮೇಲಿನ ಬಹುಪಾಲು ರಾಸಾಯನಿಕ ಅದರ ಜೊತೆಗೇ ಹೋಗುತ್ತದೆ. ಹೆಂಗಸರಿಗೆ ಮರೆ ಬೇಕು. ಮರೆ ಇಲ್ಲದಿದ್ದರೆ ಅವರು ಬಟ್ಟೆ ತೆಗೆಯುವುದಿಲ್ಲ, ಆಗ ಗಾಯ ಜಾಸ್ತಿಯಾಗುತ್ತದೆ. ನಾಲ್ಕು ಕಂಬಕ್ಕೆ ಟಾರ್ಪಾಲು ಕಟ್ಟುವುದನ್ನು, ಮಹಿಳಾ ಸಿಬ್ಬಂದಿಯನ್ನು ಕರೆಸುವುದನ್ನು ತಾಲೀಮಿನಲ್ಲೇ ಸೇರಿಸಿ.

1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಸರಿನ್ ಅನ್ನುವ ನರವಿಷ ಬಿಟ್ಟಾಗ, ತೊಳೆಯದೆ ಬಂದ ರೋಗಿಗಳ ಬಟ್ಟೆಯಿಂದ ಆಸ್ಪತ್ರೆ ಸಿಬ್ಬಂದಿಗೂ ವಿಷ ತಾಗಿತ್ತು. ಅಷ್ಟು ದೂರ ಯಾಕೆ, ನಮ್ಮಲ್ಲಿ ಕೀಟನಾಶಕ ಕುಡಿದವರನ್ನು ಸಾಗಿಸುವುದು 108ಕ್ಕೆ ಹೊಸದಲ್ಲ. ಸರಿನ್ ಮತ್ತು ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಔಷಧಿ ಒಂದೇ ಕುಟುಂಬದವು. ವಾಂತಿ ತಾಗಿದ ಬಟ್ಟೆ ತೆಗೆದು ಚೀಲಕ್ಕೆ ಹಾಕಿ ಕಟ್ಟಿ, ನೈಟ್ರೈಲ್ ಕೈಗವಸು ಹಾಕಿ, ಗಾಡಿಯ ಕಿಟಕಿ ತೆರೆದಿಡಿ. ಬಾಟಲಿ ಸಿಕ್ಕರೆ ಅದರ ಲೇಬಲ್ ಫೋಟೊ ಆಸ್ಪತ್ರೆಗೆ ಮೊದಲೇ ಕಳಿಸಿ. ಹೆಸರು ಗೊತ್ತಾಗುವುದು ಎಷ್ಟು ಮುಖ್ಯ ಅಂತ ಭೋಪಾಲಕ್ಕಿಂತ ದೊಡ್ಡ ಪಾಠ ಇಲ್ಲ. 1984ರ ಡಿಸೆಂಬರ್ 2ರ ರಾತ್ರಿ ಸಾವಿರಾರು ಜನ ಆಸ್ಪತ್ರೆಗೆ ಓಡಿ ಬಂದಾಗ, ಯಾವ ಅನಿಲ, ಏನು ಚಿಕಿತ್ಸೆ ಅಂತ ವೈದ್ಯರಿಗೇ ತಿಳಿಸಿದವರಿರಲಿಲ್ಲ.

ಕಣ್ಣಿಗೆ ಆಸಿಡ್ ಬಿದ್ದರೆ?

ನೀರು. ಕನಿಷ್ಠ 15 ನಿಮಿಷ, ರೆಪ್ಪೆ ಬಿಡಿಸಿ ಹಿಡಿದು. ಬೇರೆ ಏನನ್ನೂ ಹಾಕಬೇಡಿ.

ಪೆಟ್ರೋಲ್ ಟ್ಯಾಂಕರ್ ಪಲ್ಟಿಯಾದಾಗ ಜನ ಕ್ಯಾನ್ ತಗೊಂಡು ಬರುತ್ತಾರೆ. ತಡೆಯುವುದು ಹೇಗೆ?

ಪಾಕಿಸ್ತಾನದ ಬಹಾವಲ್ಪುರದ ಹತ್ತಿರ 2017ರ ಜೂನ್ 25ರಂದು ಹೀಗೆ ಪೆಟ್ರೋಲ್ ತುಂಬಿಸಿಕೊಳ್ಳಲು ಸೇರಿದವರ ನಡುವೆ ಬೆಂಕಿ ಹತ್ತಿ 200ಕ್ಕೂ ಹೆಚ್ಚು ಜನ ಸತ್ತರು. ಈ ಮಾತನ್ನು ಮೈಕಿನಲ್ಲಿ ಹೇಳಿ. ಬರೀ ಲಾಠಿ ಬೀಸಿದರೆ ಜನ ಇನ್ನೊಂದು ಕಡೆಯಿಂದ ಬರುತ್ತಾರೆ. ಊರಿನ ಹಿರಿಯರು, ಪಂಚಾಯಿತಿ ಸದಸ್ಯರು ಹೇಳಿದರೆ ಬೇಗ ಕೇಳುತ್ತಾರೆ. ಹೆದ್ದಾರಿ ಪಕ್ಕದ ಊರುಗಳಲ್ಲಿ ಗ್ರಾಮಸಭೆಯಲ್ಲೇ ಒಮ್ಮೆ ತಿಳಿಸಿಟ್ಟರೆ ಇನ್ನೂ ಒಳ್ಳೆಯದು. ಎರಡೂ ಬದಿಯ ವಾಹನಗಳನ್ನು ದೂರದಲ್ಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿಸಿ.

ಏನಿದೆ ಅಂತ ಗೊತ್ತಿಲ್ಲದ ಗೋದಾಮಿಗೆ ಬೆಂಕಿ ಹತ್ತಿದ್ದರೆ?

ಅದು ಅತಿ ಕೆಟ್ಟ ಪರಿಸ್ಥಿತಿ. ಚೀನಾದ ತಿಯಾಂಜಿನ್ ಬಂದರಿನಲ್ಲಿ 2015ರ ಆಗಸ್ಟ್ 12ರಂದು, ಒಳಗೆ ಏನಿದೆ ಅಂತ ಸರಿಯಾಗಿ ತಿಳಿಯದೆ ಅಗ್ನಿಶಾಮಕದವರು ಗೋದಾಮಿನ ಬೆಂಕಿಗೆ ಇಳಿದರು. ಸ್ಫೋಟದಲ್ಲಿ ಸತ್ತವರು, ಕಾಣೆಯಾದವರು ಸೇರಿ 173 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ. ಅಮೆರಿಕದ ಟೆಕ್ಸಾಸ್‌ನ ವೆಸ್ಟ್ ಅನ್ನುವ ಊರಲ್ಲಿ 2013ರ ಏಪ್ರಿಲ್ 17ರಂದು ಗೊಬ್ಬರದ ಗೋದಾಮು ಸಿಡಿದು ಸತ್ತ 15 ಜನರಲ್ಲಿ 12 ಮಂದಿ ನೆರವಿಗೆ ಹೋದವರು. ಎರಡೂ ಕಡೆ ಅಮೋನಿಯಂ ನೈಟ್ರೇಟ್ ಇತ್ತು.

ಇದಕ್ಕೆ ಉತ್ತರ ಬೆಂಕಿಯ ದಿನ ಸಿಗುವುದಿಲ್ಲ, ಮೊದಲೇ ಹುಡುಕಿಡಬೇಕು. ನಿಮ್ಮ ವ್ಯಾಪ್ತಿಯ ಗೋದಾಮು, ಕಾರ್ಖಾನೆ, ಐಸ್ ಪ್ಲಾಂಟ್, ಗುಜರಿ ಅಂಗಡಿಗಳಿಗೆ ಹೋಗಿ ಏನೆಲ್ಲ ಇಟ್ಟಿದ್ದಾರೆ ಅಂತ ಪಟ್ಟಿ ಮಾಡಿ. ಪ್ರತಿ ರಾಸಾಯನಿಕಕ್ಕೂ ಸುರಕ್ಷತಾ ಮಾಹಿತಿ ಪತ್ರ ಇರುತ್ತದೆ, ಅದರ ಪ್ರತಿ ಕೇಳಿ ಪಡೆಯಿರಿ. ಗುಜರಿಯನ್ನು ಬಿಡಬೇಡಿ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ ಹಳೇ ಯಂತ್ರದಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60 ಇತ್ತು. ಅದನ್ನು ಬಿಚ್ಚಿದವರಲ್ಲಿ ಒಬ್ಬರು ತೀರಿಕೊಂಡರು.

ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಯ ಬೆಂಕಿಯೂ ಇದರಲ್ಲಿ ಸೇರುತ್ತದೆಯೇ?

ಸೇರುತ್ತದೆ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರಬಹುದು, ಹಾಗಾಗಿ ಬಿಎ ಸೆಟ್ ಬೇಕೇ ಬೇಕು. ತುಂಬಾ ನೀರು ಬೇಕು. ಆರಿದ ಮೇಲೂ ಗಂಟೆಗಟ್ಟಲೆ ಬಿಟ್ಟು ಮತ್ತೆ ಹೊತ್ತಿಕೊಳ್ಳಬಹುದು. ಸುಟ್ಟ ಗಾಡಿಯನ್ನು ಠಾಣೆಯ ಶೆಡ್ಡಿನೊಳಗೆ ತಂದು ನಿಲ್ಲಿಸಬೇಡಿ, ಬಯಲಿನಲ್ಲಿ ಬೇರೆ ವಾಹನಗಳಿಂದ ದೂರ ಇಡಿ.

ಕರ್ನಾಟಕದಲ್ಲಿ ತರಬೇತಿ ಎಲ್ಲಿ ಸಿಗುತ್ತದೆ? ದೊಡ್ಡ ಘಟನೆಗೆ ಯಾರು ಬರುತ್ತಾರೆ?

ಅಗ್ನಿಶಾಮಕ ಸಿಬ್ಬಂದಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ಅಧಿಕಾರಿಗಳಿಗೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯಲ್ಲಿ ರಾಸಾಯನಿಕ, ಜೈವಿಕ, ವಿಕಿರಣ ಅಪಾಯಗಳಿಗೆ ತಯಾರಾದ ತಂಡಗಳಿವೆ. ಕರ್ನಾಟಕಕ್ಕೆ ಬರುವುದು ವಿಜಯವಾಡ ಹತ್ತಿರ ನೆಲೆಯಿರುವ 10ನೇ ಬೆಟಾಲಿಯನ್. ರಾಜ್ಯದ್ದೇ ವಿಪತ್ತು ಸ್ಪಂದನಾ ಪಡೆ, ಎಸ್‌ಡಿಆರ್‌ಎಫ್ ಕೂಡ ಇದೆ. ದೊಡ್ಡ ತೈಲ ಮತ್ತು ಗೊಬ್ಬರ ಕಾರ್ಖಾನೆಗಳಲ್ಲಿ ಸ್ವಂತ ಅಗ್ನಿಶಾಮಕ ದಳ ಇರುತ್ತದೆ. ಮಂಗಳೂರು ಭಾಗದಲ್ಲಿ ಟ್ಯಾಂಕರ್ ಅವಘಡವಾದರೆ ಎಂಆರ್‌ಪಿಎಲ್‌ನಂಥ ತೈಲ ಸಂಸ್ಕರಣಾ ಕಂಪನಿಯವರ ಅನುಭವ ಬಹಳ ಬೆಲೆಯುಳ್ಳದ್ದು.

ಆದರೆ ಇವರೆಲ್ಲ ಬರಲು ಸಮಯ ಬೇಕು. ಘಾಟಿಯಲ್ಲಿ ರಸ್ತೆ ಬಂದ್ ಆಗಿದ್ದರೆ ಇನ್ನೂ ಜಾಸ್ತಿ. ಅಷ್ಟು ಹೊತ್ತು ಜನರನ್ನು ಜೀವಂತ ಇಡುವುದು ಹತ್ತಿರದ ಠಾಣೆಯ ನಾಲ್ಕೈದು ಜನರ ಕೈಯಲ್ಲಿದೆ. ಹಾಗಾಗಿಯೇ ದುಬಾರಿ ವಾಹನ ಕೊಳ್ಳುವ ಮೊದಲು ಪ್ರತಿ ತಾಲೂಕಿನ ಪೊಲೀಸ್, 108, ಅಗ್ನಿಶಾಮಕ ಸಿಬ್ಬಂದಿಗೆ ಒಂದು ದಿನದ ಅರಿವಿನ ತರಬೇತಿ ಕೊಡಿ ಅಂತ ನಾವು ಒತ್ತಿ ಹೇಳುತ್ತೇವೆ.

ಮಾಕ್ ಡ್ರಿಲ್ ಮಾಡುತ್ತಾರಲ್ಲ, ಅದು ಸಾಲದೇ?

ಅಪಾಯಕಾರಿ ರಾಸಾಯನಿಕಗಳ 1989ರ ನಿಯಮದ ಪ್ರಕಾರ ದೊಡ್ಡ ಅಪಾಯದ ಕಾರ್ಖಾನೆಗಳು ಆರು ತಿಂಗಳಿಗೊಮ್ಮೆ ಒಳಗಿನ ತಾಲೀಮು ಮಾಡಬೇಕು. ಹೊರಗಿನ ಜನರನ್ನೂ ಸೇರಿಸಿದ ತಾಲೀಮು ವರ್ಷಕ್ಕೆ ಒಮ್ಮೆಯಾದರೂ ಆಗಬೇಕು. 1996ರ ನಿಯಮದ ಪ್ರಕಾರ ಜಿಲ್ಲೆಯ ರಾಸಾಯನಿಕ ಬಿಕ್ಕಟ್ಟು ಸಮಿತಿ 45 ದಿನಕ್ಕೊಮ್ಮೆ ಸೇರಬೇಕು. ನಿಯಮ ಒಳ್ಳೆಯದೇ.

ತೊಂದರೆ ಎಲ್ಲಿ ಅಂದರೆ, ಬಹಳ ತಾಲೀಮುಗಳು ಹಗಲು 11 ಗಂಟೆಗೆ, ಎಲ್ಲರಿಗೂ ಮೊದಲೇ ಹೇಳಿ, ಅತಿಥಿಗಳನ್ನು ಕೂರಿಸಿ ನಡೆಯುತ್ತವೆ. ನಿಜವಾದ ಸೋರಿಕೆ ಹಾಗೆ ಬರುವುದಿಲ್ಲ. ವಿಶಾಖಪಟ್ಟಣದಲ್ಲಿ 2020ರ ಮೇ 7ರಂದು ಸ್ಟೈರೀನ್ ಸೋರಿದ್ದು ನಸುಕಿನಲ್ಲಿ, ಜನ ಮಲಗಿದ್ದಾಗ. ವರ್ಷಕ್ಕೆ ಒಂದಾದರೂ ತಾಲೀಮು ರಾತ್ರಿ ಮಾಡಿ. ಮಳೆಯಲ್ಲಿ ಮಾಡಿ. ಮೊಬೈಲ್ ಸಿಗ್ನಲ್ ಇಲ್ಲ ಅಂತ ಇಟ್ಟುಕೊಂಡು ಮಾಡಿ. ಮುಗಿದ ಮೇಲೆ ಎಲ್ಲರೂ ಕೂತು ಎಲ್ಲಿ ತಡವಾಯಿತು, ಯಾರಿಗೆ ಸುದ್ದಿ ಹೋಗಲಿಲ್ಲ ಅಂತ ಹೆಸರು ಹಿಡಿಯದೆ ಮಾತಾಡಿ, ಬರೆದಿಡಿ.

ನಮ್ಮ ಠಾಣೆಯಲ್ಲಿ ದುಡ್ಡಿಲ್ಲ, ಸಲಕರಣೆ ಇಲ್ಲ. ಎಲ್ಲಿಂದ ಶುರು ಮಾಡುವುದು?

ಒಂದು ಬೈನಾಕ್ಯುಲರ್, ಮೈಕ್, ತಡೆ ಕಟ್ಟುವ ಟೇಪು, ಗಾಳಿ ನೋಡಲು ಬಟ್ಟೆಯ ಪಟ್ಟಿ, ಯುಎನ್ ಸಂಖ್ಯೆ ಮತ್ತು ಹ್ಯಾಜ್‌ಕೆಮ್ ಕೋಡಿನ ಲ್ಯಾಮಿನೇಟ್ ಮಾಡಿಸಿದ ಹಾಳೆ. ಇಷ್ಟು ಗಾಡಿಯಲ್ಲಿ ಇರಲಿ. ಸಿಬ್ಬಂದಿಯ ಮೊಬೈಲಿಗೆಲ್ಲ ಕೈಪಿಡಿಯ ಆ್ಯಪ್ ಹಾಕಿಸಿ, ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆಯೇ ನೋಡಿ. ಗ್ಯಾಸ್ ಸೋರಿಕೆಯ ಸಹಾಯವಾಣಿ 1906, ತುರ್ತು ಕರೆ 112, ಹತ್ತಿರದ ಕಾರ್ಖಾನೆಯ ಸುರಕ್ಷತಾ ಅಧಿಕಾರಿಯ ನಂಬರ್, ಕ್ರೇನ್ ಇರುವವರ ನಂಬರ್, ಮರಳು ಸಿಗುವ ಜಾಗ, ಎಲ್ಲ ಒಂದೇ ಹಾಳೆಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ವಾರಕ್ಕೊಮ್ಮೆ ಹಾಜರಿ ಕವಾಯತಿನ ಹೊತ್ತಿಗೆ ಹೆದ್ದಾರಿಯಲ್ಲಿ ಹೋಗುವ ಟ್ಯಾಂಕರ್‌ಗಳ ಫಲಕವನ್ನು ದೂರದಿಂದ ಓದಿಸಿ, ‘ಇದು ಈಗ ಪಲ್ಟಿಯಾದರೆ ಗಾಡಿ ಎಲ್ಲಿ ನಿಲ್ಲಿಸುತ್ತೀರಿ?’ ಅಂತ ಕೇಳಿ. ಪ್ರತಿ ಸಲ ಬೇರೆ ಬೇರೆಯವರು ಉತ್ತರ ಹೇಳಲಿ, ಚಾಲಕರೂ ಸೇರಿ.